ಕಣಕಾಲಿನಿಂದ ಕಿವಿಯವರೆಗೆ

ಮೈದಾನ ಕ್ರಿಕೆಟ್ಟಿನ ಪಾಲಾಯಿತು. ಉಳಿದದ್ದು ಗೋಡೆ ಪಕ್ಕದ ಎರಡು ಮಾರು ನೆಲ. ಅಷ್ಟರಲ್ಲೇ ಚನ್ನರಾಯನದುರ್ಗದ ಸೀಮೆಯ ಹುಡುಗಿಯರು ಕುಂಟಿದರು, ಜಿಗಿದರು, ಎಲಾಸ್ಟಿಕ್ ದಾಟಿದರು. ಯಾವ ಕ್ರೀಡಾಕೂಟದ ಪಟ್ಟಿಯಲ್ಲೂ ಇಲ್ಲದ ಈ ಆಟದ ನಂಟು ಲಂಡನ್ನಿನ ಪೇಟೆಂಟಿಗೂ ಇದೆ, ಕೊರಿಯಾದ ಸೈನಿಕರ ಹಾಡಿಗೂ ಇದೆ, ಪಾವಗಡದ ಕೊಳವೆಬಾವಿಗೂ ಇದೆ!

ಬಿಸಿಯೂಟದ ತಟ್ಟೆ ತೊಳೆದು ಬೋರಲು ಹಾಕಿ ಆಗಿದೆ. ಮಧ್ಯಾಹ್ನದ ಬೆಲ್ ಹೊಡೆಯಲು ಇನ್ನೂ ಹೊತ್ತಿದೆ. ತುಮಕೂರು ಜಿಲ್ಲೆಯ ಚನ್ನರಾಯನದುರ್ಗದ ಬೆಟ್ಟ ಕಣ್ಣಿಗೆ ಬೀಳುವ ಯಾವ ಊರಿನ ಸರ್ಕಾರಿ ಶಾಲೆಯಾದರೂ ಸರಿ, ಈ ಹೊತ್ತಿಗೆ ಅಂಗಳ ತಾನಾಗಿ ಎರಡು ಪಾಲಾಗುತ್ತದೆ.

ನಡುವಿನ ದೊಡ್ಡ ಪಾಲು ಹುಡುಗರದು. ಮೂರು ಕಡ್ಡಿ ನೆಟ್ಟರೆ ವಿಕೆಟ್, ತೆಂಗಿನ ಮಟ್ಟೆ ಕೆತ್ತಿದರೆ ಬ್ಯಾಟ್. ಬೌಲರ್ ಓಡಿ ಬರುವುದಕ್ಕೇ ಅರ್ಧ ಮೈದಾನ ಬೇಕು. ಬಾಲ್ ಹೋದ ಕಡೆಯೆಲ್ಲ ಅವರದೇ ರಾಜ್ಯ.

ಗೋಡೆ ಪಕ್ಕದ ಸಂದು ಹುಡುಗಿಯರದು. ಅಲ್ಲಿ ಇಬ್ಬರು ಎದುರುಬದುರು ನಿಂತಿದ್ದಾರೆ. ಹಳೆಯ ಲಂಗದಿಂದ ಬಿಚ್ಚಿದ ಎಲಾಸ್ಟಿಕ್ಕಿಗೆ ಗಂಟು ಹಾಕಿ ಬಳೆಯ ಹಾಗೆ ಮಾಡಿ, ಇಬ್ಬರ ಕಣಕಾಲಿಗೂ ಸುತ್ತಿಕೊಂಡಿದ್ದಾರೆ. ನಡುವೆ ಎರಡು ಎಳೆ ಬಿಗಿಯಾಗಿ ನಿಂತಿವೆ. ಮೂರನೆಯವಳು ಜಡೆ ಹಿಂದಕ್ಕೆ ಎಸೆದು, ಚಪ್ಪಲಿ ಬಿಟ್ಟು, ಜಿಗಿಯುತ್ತಾಳೆ. ಒಳಗೆ, ಹೊರಗೆ, ಒಳಗೆ, ಮೇಲೆ.

'ಔಟು ಕಣೇ!'

'ಎಲ್ಲೇ ಔಟು? ಲಾಸ್ಟಿಕ್ ಅಳ್ಳಾಡ್ಲೇ ಇಲ್ಲ!'

'ಅಳ್ಳಾಡ್ತು, ನನ್ ಕಾಲಿಗೆ ಗೊತ್ತಾಯ್ತು!'

ಜಿಗಿತಕ್ಕೆ ಹಿಡಿದದ್ದು ಅರೆಗಳಿಗೆ. ಪಂಚಾಯ್ತಿಗೆ ಐದು ನಿಮಿಷ. ತೀರ್ಪು ಹೇಳುವವರೂ ಆಡುವವರೇ. ಇಲ್ಲಿ ಅಂಪೈರ್ ಇಲ್ಲ, ರೀಪ್ಲೇ ಇಲ್ಲ. ಕಂಬವಾಗಿ ನಿಂತವಳ ಕಾಲಿಗೆ ತಿಳಿದದ್ದೇ ಸಾಕ್ಷಿ.

ಶಾಲೆ ಶುರುವಾಗಿ ಇನ್ನೂ ಹೊಸತು. ಪುಸ್ತಕದ ವಾಸನೆ ಹೋಗಿಲ್ಲ. ಜೂನ್ 11 ಅಂತರರಾಷ್ಟ್ರೀಯ ಆಟದ ದಿನ. 2024ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಹೀಗೊಂದು ದಿನವನ್ನು ಗೊತ್ತುಮಾಡಿತು. ಆಟ ಮಗುವಿನ ಹಕ್ಕು ಎಂದು ಅದೇ ಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರಲ್ಲೇ ತನ್ನ 31ನೇ ವಿಧಿಯಲ್ಲಿ ಬರೆದುಕೊಂಡಿದೆ. ಭಾರತ ಅದಕ್ಕೆ 1992ರಲ್ಲಿ ಒಪ್ಪಿಗೆ ಕೊಟ್ಟಿದೆ. ಗೋಡೆ ಪಕ್ಕದ ಸಂದಿಗೆ ಈ ಸುದ್ದಿ ಮುಟ್ಟಿಲ್ಲ. ಮುಟ್ಟದಿದ್ದರೂ ಅಲ್ಲಿ ಆಟ ನಿಂತಿಲ್ಲ.

ಗೇಣಿನ ಮೇಲೆ ಗೇಣು

ಎಲಾಸ್ಟಿಕ್ ನಮ್ಮ ಅಜ್ಜಿಯರ ಆಟವಲ್ಲ. ಅಜ್ಜಿಯರ ಕಾಲದಲ್ಲಿ ಲಂಗಕ್ಕೆ ಲಾಡಿ ಇತ್ತು, ಎಲಾಸ್ಟಿಕ್ ಇರಲಿಲ್ಲ. ಆದರೆ ಆಟದ ಜೀವಾಳ ಅವರಿಗೆ ಚೆನ್ನಾಗಿ ಗೊತ್ತಿತ್ತು. ಎತ್ತರ ಏರಿಸುತ್ತಾ ಹೋಗುವುದು, ಮುಟ್ಟದೆ ದಾಟುವುದು.

ಇಬ್ಬರು ಎದುರುಬದುರು ಕೂತು ಕಾಲು ಚಾಚುತ್ತಾರೆ. ಅಂಗಾಲಿಗೆ ಅಂಗಾಲು ಹಚ್ಚುತ್ತಾರೆ. ಉಳಿದವರು ಅದನ್ನು ಹಾರಬೇಕು. ಎಲ್ಲರೂ ಹಾರಿದರೆ ಪಾದದ ಮೇಲೆ ಪಾದ ಏರುತ್ತದೆ. ಆಮೇಲೆ ಅದರ ಮೇಲೊಂದು ಗೇಣು, ಗೇಣಿನ ಮೇಲೆ ಇನ್ನೊಂದು ಗೇಣು. ಲಂಗದ ಅಂಚು ಬೆರಳ ತುದಿಗೆ ತಗುಲಿದರೂ ಔಟು. ಹಗ್ಗ ಬೇಡ, ಗೆರೆ ಬೇಡ, ದುಡ್ಡು ಬೇಡ. ಗೆಳತಿಯ ಮೈಯೇ ಅಳತೆಗೋಲು.

ಹುಡುಗರು ಇದನ್ನೇ ಬೆನ್ನು ಬಗ್ಗಿಸಿ ಆಡುತ್ತಾರೆ. ಮೊದಲು ಹೆಬ್ಬೆರಳು ಹಿಡಿದು ಬಗ್ಗಿದವನನ್ನು ಹಾರು, ಆಮೇಲೆ ಮಂಡಿ ಹಿಡಿದವನನ್ನು, ಕೊನೆಗೆ ತಲೆ ಮಾತ್ರ ತಗ್ಗಿಸಿ ನಿಂತವನನ್ನು. ಅಷ್ಟು ಹೊತ್ತಿಗೆ ಯಾರಾದರೊಬ್ಬ ಮೂಗು ಒಡೆದುಕೊಂಡು ಆಟ ಮುಗಿದಿರುತ್ತದೆ.

ಅಂದಹಾಗೆ, ಜಿಗಿತಕ್ಕೆ ಈ ಸೀಮೆಯಲ್ಲಿ ಬರವಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳ ಹಿಂಡುಗಳಿವೆ. ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶ ಅಂದರೆ ಅದೇ. ಮಳೆ ಕೈಕೊಟ್ಟರೂ ಶೇಂಗಾ ಬಿತ್ತುವ ಈ ಕೆಂಪು ನೆಲದಲ್ಲಿ ಹಾರುವ ಜೀವಗಳಿಗೇನೂ ಕಡಿಮೆಯಿಲ್ಲ.

ಆದರೆ ಈ ಸೀಮೆಯ ಜಿಗಿತದ ರಾಣಿ ಎಂದರೆ ಕುಂಟೆಬಿಲ್ಲೆ. ಮಧುಗಿರಿ, ಕೊರಟಗೆರೆ, ಶಿರಾ ಎಲ್ಲ ಕಡೆಯೂ ಅದೇ. ಪಾವಗಡಕ್ಕೆ ಹೋದರೆ ಮೂರು ಕಡೆಯೂ ಆಂಧ್ರ, ಮನೆ ಮನೆಯಲ್ಲೂ ತೆಲುಗು. ಅಲ್ಲಿ ಅದೇ ಗೆರೆ, ಅದೇ ಕುಂಟು, ಹೆಸರು ಮಾತ್ರ ತೊಕ್ಕುಡು ಬಿಳ್ಳ. ರಾಜ್ಯದ ಗಡಿ ಕಂಡದ್ದು ಕಂದಾಯದವರಿಗೆ, ಬಿಲ್ಲೆಗಲ್ಲ.

ಕಡ್ಡಿ ತೆಗೆದುಕೊಂಡು ಮಣ್ಣಲ್ಲಿ ಉದ್ದನೆಯ ಚೌಕ ಗೀಚಿ. ನಡುವೆ ಒಂದು ಉದ್ದ ಗೆರೆ, ಅಡ್ಡಕ್ಕೆ ಮೂರು ಗೆರೆ. ಎಂಟು ಮನೆ ಆಯಿತು. ಬಿಲ್ಲೆಗೆ ಹೆಂಚಿನ ಚೂರೋ, ಒಡೆದ ಮಡಕೆಯ ಓಡೋ, ಚಪ್ಪಟೆ ಕಲ್ಲೋ ಸಾಕು. ಒಳ್ಳೆಯ ಬಿಲ್ಲೆ ಸಿಕ್ಕವಳು ಅದನ್ನು ಕಾಂಪಾಸ್ ಡಬ್ಬಿಯಲ್ಲಿ ಇಟ್ಟುಕೊಂಡು ವರ್ಷವೆಲ್ಲ ಕಾಪಾಡುತ್ತಾಳೆ. ಯಾರಿಗೂ ಸಾಲ ಕೊಡುವುದಿಲ್ಲ.

ಬಿಲ್ಲೆಯನ್ನು ಮೊದಲ ಮನೆಗೆ ಎಸೆಯಬೇಕು. ಒಂದು ಕಾಲು ಮಡಚಿ ಕುಂಟುತ್ತಾ ಒಳಗೆ ಹೋಗಬೇಕು. ನೆಲಕ್ಕೆ ಊರಿದ ಅದೇ ಕಾಲಿನಿಂದ ಬಿಲ್ಲೆಯನ್ನು ಮುಂದಿನ ಮನೆಗೆ ತಳ್ಳಬೇಕು. ಬಿಲ್ಲೆ ಗೆರೆ ಮೇಲೆ ನಿಂತರೆ ಔಟು, ಕಾಲು ಗೆರೆ ತುಳಿದರೆ ಔಟು, ಮಡಚಿದ ಕಾಲು ನೆಲ ಮುಟ್ಟಿದರೂ ಔಟು. ಎಲ್ಲ ಮನೆ ದಾಟಿ ಬಂದವಳಿಗೆ ಇನ್ನೊಂದು ಪರೀಕ್ಷೆ. ಕಣ್ಣು ಮುಚ್ಚಿಕೊಂಡು, ತಲೆ ಮೇಲಕ್ಕೆತ್ತಿ, ಒಂದೊಂದೇ ಹೆಜ್ಜೆ. 'ರೈಟಾ?' 'ರೈಟು.' 'ರೈಟಾ?' 'ರೈಟು.' ಗೆಳತಿಯರ ದನಿಯಲ್ಲಿ ಕಳ್ಳ ನಗು ಕೇಳಿದರೆ ಗೆರೆ ಹತ್ತಿರ ಬಂದಿದೆ ಎಂದರ್ಥ.

ಅದನ್ನೂ ಗೆದ್ದರೆ ಬೆನ್ನು ತಿರುಗಿಸಿ ನಿಂತು ತಲೆಯ ಮೇಲಿಂದ ಬಿಲ್ಲೆ ಎಸೆಯುವುದು. ಬಿದ್ದ ಮನೆ ನಿಮ್ಮದು. ಅದಕ್ಕೊಂದು ಗುರುತು ಹಾಕಿಕೊಳ್ಳಿ. ಇನ್ನು ಮೇಲೆ ನೀವು ಅಲ್ಲಿ ಎರಡೂ ಕಾಲು ಊರಿ ಆರಾಮಾಗಿ ನಿಲ್ಲಬಹುದು. ಮಿಕ್ಕವರೆಲ್ಲ ಅದನ್ನು ಹಾರಿಕೊಂಡೇ ಹೋಗಬೇಕು. ಹತ್ತು ವರ್ಷದ ಹುಡುಗಿ ಸೊಂಟಕ್ಕೆ ಕೈಕೊಟ್ಟು ತನ್ನ ಮನೆಯಲ್ಲಿ ನಿಲ್ಲುವ ಠೀವಿಯನ್ನು ನೋಡಬೇಕು! ಪಹಣಿಯಲ್ಲಿ ಅವಳ ಅಮ್ಮನ ಹೆಸರೂ ಇರುವುದಿಲ್ಲ, ಅಜ್ಜಿಯ ಹೆಸರೂ ಇರುವುದಿಲ್ಲ.

【 ಎಲಾಸ್ಟಿಕ್ ಆಡುವುದು ಹೀಗೆ 】

ಬೇಕಾದವರು ಮೂರು ಮಂದಿ. ಇಬ್ಬರು ಕಂಬ, ಒಬ್ಬಳು ಆಟಗಾರ್ತಿ. ಇಬ್ಬರೇ ಇದ್ದರೆ ಒಂದು ತುದಿಯನ್ನು ಕುರ್ಚಿಗೋ ಮರಕ್ಕೋ ಸಿಕ್ಕಿಸಬಹುದು.

ನಾಲ್ಕೈದು ಮೀಟರ್ ಎಲಾಸ್ಟಿಕ್, ಎರಡೂ ತುದಿ ಸೇರಿಸಿ ಗಂಟು.

ಹೆಜ್ಜೆಗಳ ಸರಣಿ ಮೊದಲೇ ಗೊತ್ತಾಗಿರಬೇಕು: ಎರಡೂ ಕಾಲು ಎಳೆಗಳ ಒಳಗೆ, ಎರಡೂ ಹೊರಗೆ, ಒಂದು ಒಳಗೆ ಒಂದು ಹೊರಗೆ, ಎರಡೂ ಎಳೆಯ ಮೇಲೆ. ಕೊನೆಗೆ ಎಳೆಗಳನ್ನು ಕಾಲಲ್ಲಿ ಹೆಣೆದು ಒಂದೇ ನೆಗೆತಕ್ಕೆ ಬಿಡಿಸಿಕೊಂಡು ಆಚೆ.

ಒಂದು ಸುತ್ತು ತಪ್ಪದೆ ಮುಗಿದರೆ ಎಲಾಸ್ಟಿಕ್ ಏರುತ್ತದೆ: ಕಣಕಾಲು, ಮೀನಖಂಡ, ಮಂಡಿ, ತೊಡೆ, ಸೊಂಟ, ಕಂಕುಳು, ಭುಜ, ಕಿವಿ. ಸೊಂಟದಿಂದ ಮೇಲೆ ಎರಡೂ ಕಾಲಲ್ಲಿ ಹಾರುವುದು ಸುಳ್ಳು. ಒಂದು ಕಾಲು ಬೀಸಿ, ಎಳೆಯನ್ನು ಹಿಮ್ಮಡಿಗೆ ಸಿಕ್ಕಿಸಿ ಕೆಳಕ್ಕೆ ಎಳೆದುಕೊಳ್ಳಬೇಕು.

ತಪ್ಪಿದವಳು ಕಂಬ. ಕಂಬವಾಗಿದ್ದವಳಿಗೆ ಚಾನ್ಸು.

ರಬ್ಬರು ಬಂದ ದಾರಿ

ಕುಂಟೆಬಿಲ್ಲೆಗೆ ಹುಟ್ಟಿದ ದಿನ ಕೇಳಿದರೆ ಯಾರೂ ಹೇಳಲಾರರು. ಎಲಾಸ್ಟಿಕ್ ಆಟಕ್ಕೆ ಮಾತ್ರ ಒಂದು ಗಡಿ ಹಾಕಬಹುದು. 1839ಕ್ಕಿಂತ ಹಿಂದೆ ಅದಕ್ಕೆ ಬಾಳಿಕೆ ಬರುವ ಎಳೆ ಸಿಗುವುದು ಕಷ್ಟವಿತ್ತು.

ಅದಕ್ಕೆ ಮೊದಲಿನ ರಬ್ಬರು ಬಿಸಿಲಿಗೆ ಅಂಟಂಟಾಗುತ್ತಿತ್ತು, ಚಳಿಗೆ ಸೆಟೆದು ಬಿರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಅದಕ್ಕೆ ಗಂಧಕ ಬೆರೆಸಿ ಕಾಯಿಸಿದರೆ ಗಟ್ಟಿಯಾಗಿ, ಎಳೆದಷ್ಟೂ ಹಿಗ್ಗಿ ಮತ್ತೆ ಹಳೆಯ ಅಳತೆಗೆ ಬರುತ್ತದೆಂದು ಕಂಡುಕೊಂಡ. ಆತ ಸಾಲದಲ್ಲೇ ಬದುಕಿ ಸಾಲದಲ್ಲೇ ಸತ್ತ. 1845ರ ಮಾರ್ಚ್ 17ರಂದು ಲಂಡನ್ನಿನ ಸ್ಟೀಫನ್ ಪೆರಿ ಎಂಬಾತ ರಬ್ಬರ್ ಬ್ಯಾಂಡಿಗೆ ಪೇಟೆಂಟ್ ಪಡೆದ. ಅವನ ತಲೆಯಲ್ಲಿದ್ದದ್ದು ಕಾಗದ, ಲಕೋಟೆ ಕಟ್ಟುವ ಉಪಾಯ. ಅದನ್ನು ಒಂದಕ್ಕೊಂದು ಹೆಣೆದು ಮಾರುದ್ದದ ಹಗ್ಗ ಮಾಡಿ ಜಿಗಿಯಬಹುದು ಎಂಬುದು ಹೊಳೆದದ್ದು ಮಕ್ಕಳಿಗೆ. ಇಂಡೊನೇಷ್ಯಾ, ಮಲೇಷ್ಯಾ, ಸಿಂಗಪುರದ ಮಕ್ಕಳು ರಬ್ಬರ್ ಬ್ಯಾಂಡ್ ಹೆಣೆದೇ ಈ ಆಟ ಆಡಿ ಬೆಳೆದರು. ಅವು ರಬ್ಬರ್ ತೋಟಗಳ ನಾಡುಗಳು ಎಂಬುದನ್ನು ಮರೆಯಬಾರದು.

ನಮ್ಮ ಹಳ್ಳಿಗೆ ರಬ್ಬರು ಬಂದದ್ದು ಸೈಕಲ್ಲಿನ ಜೊತೆ. ಪಂಕ್ಚರ್ ಹಾಕಿ ಹಾಕಿ ಸಾಕಾದ ಟ್ಯೂಬನ್ನು ಬಳೆ ಬಳೆಯಾಗಿ ಕತ್ತರಿಸಿದರೆ ಹತ್ತು ಕೆಲಸಕ್ಕೆ ಆಗುತ್ತದೆ. ಕ್ಯಾಟರ್‌ಬಿಲ್ಲಿಗೆ ಹುಡುಗರು ಕದ್ದರು, ಹುಲ್ಲಿನ ಹೊರೆಗೆ ಅಪ್ಪ ಕಟ್ಟಿದ, ಜಡೆಗೆ ಅಕ್ಕ ಸುತ್ತಿದಳು. ಆಮೇಲೆ ಸಂತೆಯ ಫ್ಯಾನ್ಸಿ ಅಂಗಡಿಗೆ, ಟೈಲರ್ ಸಾಮಾನಿನ ಅಂಗಡಿಗೆ ಬಟ್ಟೆ ಹೊದಿಸಿದ ಚಪ್ಪಟೆ ಎಲಾಸ್ಟಿಕ್ ಬಂತು. ಚಡ್ಡಿಗೆ, ಲಂಗಕ್ಕೆ ಹೊಲಿದು ಮಿಕ್ಕದ್ದು ಆಟಕ್ಕೆ.

【 ತುಟಿಗೆ ತಾಗಿಸಿ ನೋಡಿ 】

ಅಗಲದ ರಬ್ಬರ್ ಬ್ಯಾಂಡೊಂದನ್ನು ಥಟ್ಟನೆ ಎಳೆದು ಮೇಲ್ದುಟಿಗೆ ತಾಗಿಸಿ: ಬೆಚ್ಚಗಿರುತ್ತದೆ. ಹಾಗೇ ಎಳೆದು ಹಿಡಿದು, ತುಸು ಹೊತ್ತು ಬಿಟ್ಟು, ಸಡಿಲಿಸಿ ಮತ್ತೆ ತಾಗಿಸಿ: ತಣ್ಣಗಿರುತ್ತದೆ. ಇದನ್ನು 1805ರಲ್ಲಿ ಜಗತ್ತಿಗೆ ತಿಳಿಸಿದವನು ಇಂಗ್ಲೆಂಡಿನ ಜಾನ್ ಗಫ್. ಎಳವೆಯಲ್ಲೇ ಸಿಡುಬಿನಿಂದ ಕಣ್ಣು ಕಳೆದುಕೊಂಡವನು. ಕಣ್ಣಿಗೆ ಕಾಣದ್ದನ್ನು ತುಟಿಯಲ್ಲಿ ಅಳೆದ.

【 ಸುಳ್ಯದ ರಬ್ಬರು 】

ರಬ್ಬರು ಕೇರಳದ ಸೊತ್ತಷ್ಟೇ ಅಲ್ಲ. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ಕೆಲಸ ಕೊಡಲು ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಕಡೆ ರಬ್ಬರ್ ತೋಟ ಎಬ್ಬಿಸಲಾಯಿತು. ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಆ ತೋಟಗಳಲ್ಲಿ ಹಾಲು ಇಳಿಸುವ ಕೈಗಳಲ್ಲಿ ಹೆಣ್ಣುಮಕ್ಕಳ ಕೈಗಳೂ ಇವೆ.

ಸೋಲ್‌ ಬೀದಿಯ ಚಾಕು

ಎಲಾಸ್ಟಿಕ್ ಆಟವನ್ನು ಮೊದಲು ಆಡಿದವರು ಯಾರು ಎಂದು ಜಗಳ ಹೂಡುವುದು ವ್ಯರ್ಥ. ಬ್ರಿಟನ್ನಿನ ಮಕ್ಕಳಿಗೆ ಅದು ಫ್ರೆಂಚ್ ಸ್ಕಿಪ್ಪಿಂಗ್. ಅಮೆರಿಕದ ಮಕ್ಕಳಿಗೆ ಚೀನಾದ ಹಗ್ಗದಾಟ. ಫಿಲಿಪ್ಪೀನ್ಸಿನವರಿಗೂ ಅದು ಚೀನಾದ ಗಾರ್ಟರ್. ಜರ್ಮನಿಯಲ್ಲಿ ಗುಮ್ಮಿಟ್ವಿಸ್ಟ್, ಜಪಾನಿನಲ್ಲಿ ಗೋಮುತೋಬಿ. ಬಹಳ ಮಂದಿ ಅದು ಬೇರೆ ಊರಿನಿಂದ ಬಂತು ಎನ್ನುವವರೇ. ಚೀನಾದವರು ಮಾತ್ರ ರಬ್ಬರ್ ಎಳೆ ಜಿಗಿಯುವುದು ಎಂದು ನೆಟ್ಟಗೆ ಕರೆದು ಸುಮ್ಮನಾಗಿದ್ದಾರೆ. ಅಲ್ಲಿ ಎಲಾಸ್ಟಿಕ್ಕು ತಲೆ ದಾಟಿ, ಮೇಲೆತ್ತಿದ ಕೈವರೆಗೂ ಏರುತ್ತದೆ. ಅಷ್ಟೆತ್ತರದ ಎಳೆಯನ್ನು ಕಾಲಿಗೆ ಸಿಕ್ಕಿಸಬೇಕಾದರೆ ಹುಡುಗಿ ಕೈಯೂರಿ ಲಾಗ ಹಾಕಲೇಬೇಕು.

ಕೊರಿಯಾದ ಕಥೆ ಇನ್ನೂ ವಿಚಿತ್ರ. 2021ರಲ್ಲಿ 'ಸ್ಕ್ವಿಡ್ ಗೇಮ್' ಸರಣಿ ಬಂದ ಮೇಲೆ ಅಲ್ಲಿಯ ಗಲ್ಲಿಯ ಆಟಗಳು ನಮ್ಮ ಕಾಲೇಜು ಹುಡುಗರ ಬಾಯಲ್ಲೂ ನಲಿದಾಡಿದವು. ಮುಂದಿನ ಕಂತುಗಳಲ್ಲಿ ಬಂದ ಐದು ಕಲ್ಲಿನ ಆಟ ನೋಡಿ 'ಅಯ್ಯೋ, ಇದು ನಮ್ಮ ಕಲ್ಲಾಟ' ಎಂದವರು ಎಷ್ಟೋ ಮಂದಿ. ಆದರೆ ಕೊರಿಯಾದ ಹೆಣ್ಣುಮಕ್ಕಳ ಮುಖ್ಯ ಬೀದಿಯಾಟವಾದ ಗೋಮುಜುಲ್, ಅಂದರೆ ಇದೇ ರಬ್ಬರ್ ಎಳೆಯ ಆಟ, ಆ ಸರಣಿಯ ಕೊಲ್ಲುವ ಪಂದ್ಯಗಳಲ್ಲಿ ಸೇರಲಿಲ್ಲ. ಒಳ್ಳೆಯದೇ ಆಯಿತು.

ಗೋಮುಜುಲ್ ಆಡುವಾಗ ಹಾಡಬೇಕು. ಹಾಡಿನ ಲಯಕ್ಕೆ ಸರಿಯಾಗಿ ಜಿಗಿಯಬೇಕು. 1950ರಿಂದ 53ರವರೆಗೆ ನಡೆದ ಯುದ್ಧ ಮುಗಿದು ದಶಕಗಳಾದರೂ ಅಲ್ಲಿನ ಪುಟ್ಟ ಹುಡುಗಿಯರು ಜಿಗಿಯುತ್ತಾ ಹಾಡುತ್ತಿದ್ದದ್ದು ಸೈನಿಕರ ಹಾಡುಗಳನ್ನು, ಸತ್ತ ಸಂಗಾತಿಗೆ ವಿದಾಯ ಹೇಳುವ ಹಾಡುಗಳನ್ನು. ಅರ್ಥ ಯಾರಿಗೆ ಬೇಕಿತ್ತು? ಲಯ ಗಟ್ಟಿಯಾಗಿತ್ತು, ಕಾಲಿಗೆ ಅಷ್ಟು ಸಾಕು.

ಆ ದೇಶದಲ್ಲಿ ಐವತ್ತು ದಾಟಿದ ಹೆಂಗಸರನ್ನು ಬಾಲ್ಯದ ಬಗ್ಗೆ ಕೇಳಿದರೆ ಇನ್ನೊಂದು ನೆನಪು ತಪ್ಪದೆ ಬರುತ್ತದೆ. ಆಟ ರಂಗೇರಿದಾಗ ಹುಡುಗನೊಬ್ಬ ಚಾಕು ಹಿಡಿದು ಓಡಿ ಬಂದು ರಬ್ಬರ್ ಎಳೆ ಕತ್ತರಿಸಿ ಪರಾರಿ! ನಮ್ಮಲ್ಲಿ ಚಾಕು ಬೇಕಾಗಿಲ್ಲ. ಬಾಲ್ ಹೆಕ್ಕುವ ನೆಪದಲ್ಲಿ ಕುಂಟೆಬಿಲ್ಲೆಯ ಗೆರೆ ಅಳಿಸಿಕೊಂಡೇ ಓಡುತ್ತಾರೆ.

ಬ್ರಿಟನ್ನಿನ ಪೀಟರ್ ಮತ್ತು ಅಯೋನಾ ಓಪಿ ದಂಪತಿ ಶಾಲೆಯಂಗಳಗಳಲ್ಲಿ ನಿಂತು ಮಕ್ಕಳ ಆಟ ಬರೆದುಕೊಳ್ಳುವುದನ್ನೇ ಬದುಕು ಮಾಡಿಕೊಂಡವರು. ಬೀದಿ ಮತ್ತು ಅಂಗಳದ ಆಟಗಳ ಅವರ ದೊಡ್ಡ ಪುಸ್ತಕ ಬಂದದ್ದು 1969ರಲ್ಲಿ. ಮಕ್ಕಳು ಆಟ ಕಲಿಯುವುದು ದೊಡ್ಡವರಿಂದಲ್ಲ, ತಮಗಿಂತ ಒಂದೆರಡು ವರ್ಷ ದೊಡ್ಡ ಮಕ್ಕಳಿಂದ ಎಂಬುದು ಅವರು ಕಂಡ ಸಂಗತಿ. ಇದು ನಿಜವಾದರೆ ನಮ್ಮ ಹಳ್ಳಿಗಳಲ್ಲಿ ಆಟ ಕಳೆದುಹೋಗುವುದಕ್ಕೆ ಮೊಬೈಲ್ ಒಂದನ್ನೇ ದೂರುವಂತಿಲ್ಲ. ಒಂದರಿಂದ ಐದನೇ ತರಗತಿವರೆಗೆ ಸೇರಿ ಹನ್ನೆರಡು ಮಕ್ಕಳಿರುವ ಶಾಲೆಯಲ್ಲಿ ಐದನೆಯವಳು ಯಾರಿಗೆ ಕಲಿಸಬೇಕು? ಮೂರು ಜನ ಸೇರದೆ ಎಲಾಸ್ಟಿಕ್ ಆಟ ರಂಗೇರುವುದಿಲ್ಲ. ಮಿಕ್ಕ ಮಕ್ಕಳು ಬೆಳಗ್ಗೆಯೇ ಹಳದಿ ವ್ಯಾನ್ ಹತ್ತಿ ಮಧುಗಿರಿಗೋ ಕೊರಟಗೆರೆಗೋ ಕಾನ್ವೆಂಟಿಗೆ ಹೋಗಿರುತ್ತಾರೆ, ಕತ್ತಲಾಗುವಾಗ ಬರುತ್ತಾರೆ.

ಮೂಳೆಯ ಮಾತು, ನೀರಿನ ಮಾತು

ಜಿಗಿಯುವುದರಿಂದ ಏನು ಲಾಭ ಎಂದು ಕೇಳುವ ಅಪ್ಪಂದಿರಿದ್ದಾರೆ. ಅವರಿಗಾಗಿ ಒಂದು ಲೆಕ್ಕ.

ಅಮೆರಿಕದ ಓರೆಗಾನ್‌ನಲ್ಲಿ 89 ಪುಟ್ಟ ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ವಾರಕ್ಕೆ ಮೂರು ದಿನ, ಎರಡು ಅಡಿ ಎತ್ತರದ ಪೆಟ್ಟಿಗೆಯಿಂದ ದಿನಕ್ಕೆ 100 ಸಲ ನೆಲಕ್ಕೆ ಜಿಗಿಯಿತು. ಇನ್ನೊಂದು ಗುಂಪು ಮೈ ಸಡಿಲಿಸುವ ಕಸರತ್ತನ್ನಷ್ಟೇ ಮಾಡಿತು. ಏಳು ತಿಂಗಳ ಮೇಲೆ ಅಳೆದು ನೋಡಿದರೆ ಜಿಗಿದವರ ತೊಡೆಮೂಳೆಯ ಕತ್ತಿನ ಭಾಗದಲ್ಲಿ ಶೇ 4.5ರಷ್ಟು, ಸೊಂಟದ ಬೆನ್ನುಮೂಳೆಯಲ್ಲಿ ಶೇ 3.1ರಷ್ಟು ಹೆಚ್ಚಿನ ಮೂಳೆ ಸಂಚಯ. ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಮುಪ್ಪಿನಲ್ಲಿ ಜಾರಿ ಬಿದ್ದ ಹೆಂಗಸರಲ್ಲಿ ಹೆಚ್ಚಾಗಿ ಮುರಿಯುವ ಭಾಗಗಳಲ್ಲಿ ತೊಡೆಮೂಳೆಯ ಈ ಕತ್ತೂ ಒಂದು. ಮೈನೆರೆಯುವ ಮುಂಚಿನ ಮತ್ತು ಆಸುಪಾಸಿನ ವರ್ಷಗಳಲ್ಲಿ ಮೂಳೆ ಕಟ್ಟಿಕೊಂಡಷ್ಟು ಆಮೇಲೆ ಕಟ್ಟಿಕೊಳ್ಳುವುದಿಲ್ಲ. ಗೋಡೆ ಪಕ್ಕದ ಸಂದಿನಲ್ಲಿ ಹುಡುಗಿ ಊಟದ ಬಿಡುವಿನಲ್ಲಿ ಎಷ್ಟು ಸಲ ಜಿಗಿದಳೋ ಯಾರೂ ಎಣಿಸಿಲ್ಲ. ನೂರಕ್ಕೆ ಕಡಿಮೆಯಂತೂ ಇರಲಾರದು.

ಆದರೆ ಈ ಸೀಮೆಯಲ್ಲಿ ಮೂಳೆಯ ಮಾತು ಎತ್ತಿದರೆ ನೀರಿನ ಮಾತು ಬರಲೇಬೇಕು. ಪಾವಗಡ, ಮಧುಗಿರಿ, ಶಿರಾ ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ಹಳೆಯ ಸಂಕಟ. ಬೇರೆ ನೀರು ಸಿಗದಿದ್ದಾಗಲೂ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ನಮ್ಮ ಕುಡಿಯುವ ನೀರಿನ ಮಾನದಂಡ. ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲಿನ ಮೇಲೆ ಕಂದು ಪಟ್ಟಿ, ಆಮೇಲೆ ಕೀಲು ಬಿಗಿತ, ಕೊನೆಗೆ ಬಾಗಿದ ಬೆನ್ನು. ಫ್ಲೋರೈಡ್ ಹೊಕ್ಕ ಮೂಳೆ ನೋಡಲು ದಪ್ಪವಾದರೂ ಒಳಗೆ ಪೆಡಸು.

ಜಿಗಿತ ಇದಕ್ಕೆ ಮದ್ದಲ್ಲ. ಮದ್ದು ಒಳ್ಳೆಯ ನೀರು. ಅದಕ್ಕೇ ಹಳ್ಳಿ ಹಳ್ಳಿಯಲ್ಲಿ ಶುದ್ಧ ನೀರಿನ ಘಟಕಗಳು ಬಂದವು, ತುಂಗಭದ್ರಾ ಹಿನ್ನೀರನ್ನು ಪಾವಗಡಕ್ಕೆ ತರುವ ಯೋಜನೆ ಬಂತು. 2013ರಿಂದ ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲಿದೆ. ಈಗ ಮೊಟ್ಟೆಯಿದೆ, ಬೇಡದವರಿಗೆ ಬಾಳೆಹಣ್ಣಿದೆ. ಹಾಲು, ನೀರು, ಮೊಟ್ಟೆ ಸರ್ಕಾರ ಕೊಡಬೇಕಾದದ್ದು. ಜಿಗಿತವನ್ನು ಹುಡುಗಿಯರು ತಾವೇ ತಂದಿದ್ದಾರೆ. ಅದನ್ನು ಕಿತ್ತುಕೊಳ್ಳದಿದ್ದರೆ ಆಯಿತು.

ನೂರು ವರ್ಷ ತಡವಾದ ಕುಂಟು

ತ್ರಿವಿಧ ಜಿಗಿತ ನೋಡಿದ್ದೀರಿ. ಓಡಿ ಬಂದು ಮೊದಲು ಒಂದೇ ಕಾಲಿನಲ್ಲಿ ಕುಂಟು, ಆಮೇಲೆ ಒಂದು ದಾಪು, ಕೊನೆಗೆ ನೆಗೆತ. ಮೊದಲ ಮೂರನೇ ಒಂದು ಭಾಗ ಸಾಕ್ಷಾತ್ ಕುಂಟೆಬಿಲ್ಲೆ. 1896ರ ಅಥೆನ್ಸ್ ಒಲಿಂಪಿಕ್ಸ್‌ನಿಂದಲೇ ಗಂಡಸರು ಇದನ್ನು ಹಾರುತ್ತಿದ್ದಾರೆ. ಹೆಂಗಸರಿಗೆ ಅದರ ಬಾಗಿಲು ತೆರೆದದ್ದು 1996ರ ಅಟ್ಲಾಂಟಾದಲ್ಲಿ. ಸರಿಯಾಗಿ ನೂರು ವರ್ಷ ತಡ! ಎತ್ತರ ಜಿಗಿತಕ್ಕೆ 1928, ಉದ್ದ ಜಿಗಿತಕ್ಕೆ 1948. ಇಷ್ಟೊಂದು ನೆಗೆದರೆ ಹೆಣ್ಣಿನ ಮೈಗೆ ಆಗದು ಎಂದು ದೊಡ್ಡ ದೊಡ್ಡ ಗಂಡಸರು ಕೂತು ತೀರ್ಮಾನಿಸಿದ ಕಾಲದಲ್ಲೇ ಊರೂರಿನ ಹೆಣ್ಣುಮಕ್ಕಳು ಎಂಟು ಮನೆ ಕುಂಟಿ ಒಂಬತ್ತನೆಯದಕ್ಕೆ ನೆಗೆಯುತ್ತಿದ್ದರು.

ನಮ್ಮ ರಾಜ್ಯದ ಹೆಣ್ಣುಮಕ್ಕಳು ಏನು ಹಾರಬಲ್ಲರು ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ ಮಂಗಳೂರಿನ ಸಹನಾ ಕುಮಾರಿ ಇದ್ದಾರೆ. 2012ರಲ್ಲಿ ಹೈದರಾಬಾದಿನಲ್ಲಿ 1.92 ಮೀಟರ್ ಹಾರಿ ರಾಷ್ಟ್ರೀಯ ದಾಖಲೆ ಬರೆದು ಲಂಡನ್ ಒಲಿಂಪಿಕ್ಸ್‌ಗೆ ಹೋದರು. ಅದು ಆರು ಅಡಿಗಿಂತ ಹೆಚ್ಚು. ಕಿವಿ ಮಟ್ಟವನ್ನೂ ದಾಟಿ ನೆತ್ತಿಯ ಮೇಲಿನ ಲೆಕ್ಕ.

ಖೋ ಖೋಗೆ ಅದೃಷ್ಟ ಕುಲಾಯಿಸಿತು. ನಿಯಮ ಪುಸ್ತಕವಾಯಿತು, ಮಣ್ಣಿನ ಅಂಗಳ ಮ್ಯಾಟ್ ಆಯಿತು, 2025ರ ಜನವರಿಯಲ್ಲಿ ದೆಹಲಿಯಲ್ಲಿ ವಿಶ್ವಕಪ್ಪೇ ನಡೆಯಿತು. ಫೈನಲ್‌ನಲ್ಲಿ ನೇಪಾಳವನ್ನು ಮಣಿಸಿದ ಭಾರತದ ಮಹಿಳಾ ತಂಡದಲ್ಲಿ ತಿ.ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿ ಹುಡುಗಿ, ಹಳ್ಳಿಯಲ್ಲೇ ಆಡಿ ಕಲಿತವರು.

ಹಾಗಾದರೆ ಕುಂಟೆಬಿಲ್ಲೆಗೂ ಒಂದು ಫೆಡರೇಷನ್, ಎಲಾಸ್ಟಿಕ್ಕಿಗೂ ಒಂದು ವಿಶ್ವಕಪ್ ಬೇಕೇ? ನನ್ನನ್ನು ಕೇಳಿದರೆ ಬೇಡ. ಸೀಟಿ ಹಿಡಿದ ದೊಡ್ಡವರು ಬಂದ ದಿನ ಆ ಐದು ನಿಮಿಷದ ಪಂಚಾಯ್ತಿ ಸಾಯುತ್ತದೆ. ಪಂಚಾಯ್ತಿ ಇಲ್ಲದೆ ಈ ಆಟವೇ ಇಲ್ಲ. ಯಾರಿಗೆ ಇನ್ನೊಂದು ಚಾನ್ಸು ಕೊಡಬೇಕು, ಯಾವ ಪುಟ್ಟ ತಂಗಿಯನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಸೇರಿಸಿಕೊಳ್ಳಬೇಕು, ಯಾರು ಮೋಸ ಮಾಡಿದಳು, ಎಷ್ಟು ದಿನ ಟೂ ಬಿಡಬೇಕು ಇದನ್ನೆಲ್ಲ ಅವರೇ ಗೊತ್ತುಮಾಡುತ್ತಾರೆ. 2022ರಲ್ಲಿ ಕೇಂದ್ರ ಶಿಕ್ಷಣ ಇಲಾಖೆ 75 ದೇಶೀ ಆಟಗಳನ್ನು ಶಾಲೆಗೆ ತರುವ ಮಾತಾಡಿತು. ಉದ್ದೇಶ ಒಳ್ಳೆಯದೇ. ಆದರೆ ಸುತ್ತೋಲೆಯಲ್ಲಿ ಬಂದ ಆಟಕ್ಕೆ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುವುದೇ ಕೊನೆಯ ಘಟ್ಟವಾಗಿಬಿಡುತ್ತದೆ.

ಯಾವಾಗ ನಿಲ್ಲುತ್ತದೆ?

ಹುಡುಗ ಕ್ರಿಕೆಟ್ ಬಿಡುವುದು ಕೆಲಸಕ್ಕೆ ಸೇರಿದಾಗಲೋ ಮಂಡಿ ನೋವು ಬಂದಾಗಲೋ. ಹುಡುಗಿಯ ಜಿಗಿತಕ್ಕೆ ತೆರೆ ಬೀಳುವುದು ಒಂದೇ ದಿನದಲ್ಲಿ. ದೊಡ್ಡವಳಾದಳು ಎಂದು ಹಸೆ ಮೇಲೆ ಕೂರಿಸಿ ಆರತಿ ಎತ್ತಿ ಚಿಗಳಿ ತಿನ್ನಿಸಿದ ಮೇಲೆ ಅವಳು ಮತ್ತೆ ಬೀದಿಯಲ್ಲಿ ಕುಂಟುವಂತಿಲ್ಲ. 'ಏನೇ ಅದು, ಕತ್ತೆ ಬೆಳೆದಂಗೆ ಬೆಳ್ದು ನೆಗೀತೀಯ?' ಎಂದು ಜಗಲಿ ಮೇಲಿಂದ ಅಜ್ಜಿ ಗದರುತ್ತಾಳೆ. ಆ ಅಜ್ಜಿಯೂ ಒಂದು ದಿನ ಹೀಗೇ ಬಿಲ್ಲೆ ಎಸೆದು ಒಳಗೆ ಹೋದವಳೇ.

ಮನೆಯಲ್ಲಿ ಹೀಗೆ. ಶಾಲೆಯಲ್ಲಿ ಇನ್ನೊಂದು ಬಗೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಸೇರಿ ಮಧುಗಿರಿ ಎಂಬ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಕಂದಾಯಕ್ಕೆ ತುಮಕೂರಾದರೂ ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಮಧುಗಿರಿಗೆ ತನ್ನದೇ ಸ್ಥಾನ. ಆ ಸ್ಥಾನ ಒಂದೆರಡು ಮೆಟ್ಟಿಲು ಇಳಿದರೆ ಸಾಕು, ಪ್ರೌಢಶಾಲೆಗಳಲ್ಲಿ ಮೊದಲು ಬಲಿಯಾಗುವುದು ಆಟದ ಪಿರಿಯಡ್. ಅದು ಗಣಿತಕ್ಕೋ ವಿಜ್ಞಾನಕ್ಕೋ ಹೋಗುತ್ತದೆ. ಹೈಸ್ಕೂಲಿಗೆ ಬಂದ ಹುಡುಗಿಗೆ ಮನೆಯಲ್ಲೂ ಜಿಗಿತವಿಲ್ಲ, ಶಾಲೆಯಲ್ಲೂ ಇಲ್ಲ. ಐದರಿಂದ ಹದಿನೇಳರ ವಯಸ್ಸಿನವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಬೆವರು ಬರುವಂತೆ ಮೈ ಆಡಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹದಿಮೂರಕ್ಕೆ ನಿಲ್ಲಿಸಿ ಎಂದು ಅದು ಎಲ್ಲೂ ಹೇಳಿಲ್ಲ.

ಇನ್ನೇನು ಕ್ಲಸ್ಟರ್, ಹೋಬಳಿ, ತಾಲ್ಲೂಕು ಎಂದು ಮೆಟ್ಟಿಲು ಮೆಟ್ಟಿಲಾಗಿ ಶಾಲಾ ಕ್ರೀಡಾಕೂಟಗಳ ಕಾಲ. ಚನ್ನರಾಯನದುರ್ಗ ಹೋಬಳಿಯ ಕೂಟಕ್ಕೂ ತಂಡಗಳು ಸಜ್ಜಾಗುತ್ತವೆ. ದೈಹಿಕ ಶಿಕ್ಷಣದ ಮೇಷ್ಟ್ರು ಇರುವ ಶಾಲೆಗಳಲ್ಲಿ ಅವರು ಎತ್ತರ ಜಿಗಿತಕ್ಕೆ, ಉದ್ದ ಜಿಗಿತಕ್ಕೆ ಹುಡುಗಿಯರನ್ನು ಹುಡುಕುತ್ತಾ 'ಯಾರಮ್ಮ ಬರ್ತೀರಾ' ಎಂದು ತರಗತಿಗೆ ಬರುತ್ತಾರೆ. ಹುಡುಗಿಯರು ತಲೆ ತಗ್ಗಿಸುತ್ತಾರೆ. ಮೇಷ್ಟ್ರೇ, ತರಗತಿಯಲ್ಲಿ ಕೇಳಬೇಡಿ. ಊಟದ ಬಿಡುವಿನಲ್ಲಿ ಗೋಡೆ ಪಕ್ಕ ಹೋಗಿ, ದೂರದಲ್ಲೇ ನಿಂತು ನೋಡಿ. ಎಲಾಸ್ಟಿಕ್ಕು ಯಾರ ಸರದಿಯಲ್ಲಿ ಭುಜಕ್ಕೇರಿತೋ, ಬಿಲ್ಲೆ ಯಾರ ಕಾಲಿಗೆ ಹೇಳಿದಂತೆ ಕೇಳುತ್ತದೋ, ಅವಳ ಹೆಸರು ಬರೆದುಕೊಳ್ಳಿ.

ಎಸ್‌ಡಿಎಂಸಿಯವರಿಗೂ, ಅಂದರೆ ಶಾಲಾಭಿವೃದ್ಧಿ ಸಮಿತಿಯವರಿಗೂ, ಒಂದು ಮಾತು. ಅಂಗಳಕ್ಕೆ ಕಾಂಕ್ರೀಟ್ ಹಾಕಿಸುವ ಮುನ್ನ ಗೋಡೆ ಪಕ್ಕದ ಮಣ್ಣನ್ನು ಹಾಗೇ ಬಿಡಿ. ಸಿಮೆಂಟಿನ ಮೇಲೆ ಬರಿಗಾಲಲ್ಲಿ ಕುಂಟಿದರೆ ಹಿಮ್ಮಡಿ ಹೋಗುತ್ತದೆ. ವಾರಕ್ಕೆ ಎರಡು ದಿನ ಮೈದಾನದ ನಡುಭಾಗ ಹುಡುಗಿಯರದು ಎಂದು ಹೇಳಿ. ಹುಡುಗರು ಆ ದಿನ ಸಂದಿಗೆ ಹೋಗಲಿ, ಏನೂ ಆಗುವುದಿಲ್ಲ. ಅಂಗಡಿಯಲ್ಲಿ ಎಲಾಸ್ಟಿಕ್ ಕೊಳ್ಳುವಾಗ ಬಟ್ಟೆ ಹೊದಿಸಿದ, ಬೆರಳಗಲದ ಚಪ್ಪಟೆಯದನ್ನೇ ಕೇಳಿ. ಸಣ್ಣ ದುಂಡು ರಬ್ಬರು ಕಣಕಾಲಿಗೆ ಬರೆ ಎಳೆಯುತ್ತದೆ. ಐದು ಮೀಟರ್ ಸಾಕು, ನೂರರ ನೋಟು ಮುರಿಸಿದರೆ ಚಿಲ್ಲರೆ ವಾಪಸ್ ಬರುತ್ತದೆ.